ಏಳು ವಾರಕ್ಕೊಂದು ಯೂನಿಫಾರ್ಮ್

ಫೆಬ್ರವರಿ 3, ಮಂಗಳವಾರ, ಸಂಜೆ

ಇವತ್ತೂ ತೋಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ತೋಳು. ಕತ್ತರಿಸಿದ ತುಂಡುಗಳ ಹಿಂಬದಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಯುವುದು, ಎಡಕ್ಕೆ ಬಲ ಜೋಡಿಸುವುದು, ದಾರ ಕಟ್ಟುವುದು. ನಂಬರ್ ತಪ್ಪಿದರೆ ಮೂವತ್ತರ ಮೈಗೆ ಮೂವತ್ತನಾಲ್ಕರ ತೋಳು ಕೂರುತ್ತದೆ. ಹೋದ ವಾರ ಹಾಗೆ ಒಂದು ಆಯಿತು. ನಾನೇ ಮಾಡಿದ್ದು. ನಾನೇ ಹೋಗಿ ಹೇಳಿದೆ. ಕಟಿಂಗ್ ಮಾಸ್ಟರ್ ಬೈಯಲಿಲ್ಲ, ದಿನಾ ಹೇಳುವುದನ್ನೇ ಹೇಳಿದರು — "ಸ್ಕೂಲಿಗೆ ಹೋಗಲ್ಲ ಅಂತ ಓಡಿ ಬಂದೆ. ನೋಡು, ಸ್ಕೂಲೇ ನಿನ್ನ ಹುಡುಕ್ಕೊಂಡು ಬಂತು."

ಶಾಲೆಯ ಯೂನಿಫಾರ್ಮ್ ಹೊಲಿಯುವ ಜಾಗದಲ್ಲಿ ಹತ್ತನೇ ಕ್ಲಾಸು ಮುಗಿಸದವಳು. ನಗುವವರು ನಗಲಿ. ಇಲ್ಲಿ ಐದು ತಿಂಗಳಾಯಿತು. ನನ್ನ ಮಟ್ಟಿಗೆ ದಾಖಲೆ. ಬೇಕರಿಯಲ್ಲಿ ಎರಡೂವರೆ ತಿಂಗಳು, ಜೆರಾಕ್ಸ್ ಅಂಗಡಿಯಲ್ಲಿ ಒಂದು, ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕಿದ್ದು ಒಂಬತ್ತು ದಿನ.

ಮನೆಯಲ್ಲಿ ಇಸ್ತ್ರಿ ನನ್ನ ಪಾಲಿಗೆ. ತಂಗಿಯ ಶರ್ಟನ್ನು ಹಾಸಿದಾಗ ಕಂಡಿತು. ಎರಡನೇ ಗುಂಡಿಗೂ ಮೂರನೇ ಗುಂಡಿಗೂ ನಡುವೆ ಸಣ್ಣ ಸಣ್ಣ ತೂತು. ಏಳೆಂಟು. ದಿನಾ ಪಿನ್ನು ಚುಚ್ಚಿ ದಿನಾ ತೆಗೆದದ್ದು. ಭುಜದ ಹೊಲಿಗೆ ಹಲ್ಲು ಕಿರಿಯುತ್ತಿದೆ. ತೋಳಿನ ಪಟ್ಟಿ ಅವಳ ತೋಳನ್ನು ಕಚ್ಚಿದ ಕಡೆ ಬೆವರಿನ ಗೆರೆ.

ಈಗ ತಿಳಿಯಿತು, ಈ ಸೆಕೆಯಲ್ಲೂ ಸ್ವೆಟರ್ ಯಾಕೆ ಅಂತ. ಅಮ್ಮ "ಶೀತ ಇರಬೇಕು" ಅನ್ನುತ್ತಿದ್ದಳು. ಅಪ್ಪ "ಫ್ಯಾಷನ್ನು" ಅನ್ನುತ್ತಿದ್ದ. ನಾನು ಏನೂ ಅನ್ನುತ್ತಿರಲಿಲ್ಲ. ದಿನವಿಡೀ ಅಳತೆ ನೋಡುವವಳು, ಒಂದೇ ಕೋಣೆಯಲ್ಲಿ ಮಲಗುವವಳನ್ನು ನೋಡಿರಲಿಲ್ಲ.

ಫೆಬ್ರವರಿ 4

ಊಟಕ್ಕೆ ಕೂತಾಗ ನಾನೇ ಎತ್ತಿದೆ. "ಮೋಟುಗೆ ಯೂನಿಫಾರ್ಮ್ ಚಿಕ್ಕದಾಗಿದೆ."

ಮೋಟು ಅಂದರೆ ತಂಗಿ. ಹೋದ ವರ್ಷದವರೆಗೂ ಕ್ಲಾಸಿನಲ್ಲೇ ಕುಳ್ಳಿ, ಹಾಗಾಗಿ ಆ ಹೆಸರು. ಒಂಬತ್ತನೇ ಕ್ಲಾಸಿಗೆ ಬಂದದ್ದೇ ತಡ, ಅಪ್ಪನ ಭುಜ ಮುಟ್ಟಿದ್ದಾಳೆ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. "ಮೇಲೆ ಹೋದ ಲಿಫ್ಟು ಕೆಳಗೆ ಬರಲೇಬೇಕು. ಇವಳೊಬ್ಬಳು ಮೇಲಕ್ಕೇ ಹೋಗ್ತಿದ್ದಾಳೆ" ಅಂದ. ಯಾರೂ ನಗಲಿಲ್ಲ.

ಅಮ್ಮ: "ಈಗಲಾ? ಪರೀಕ್ಷೆ ಮುಗಿಯೋಕೆ ಎಷ್ಟು ದಿನ ಇದೆ ಅಂತ?"

ಮೋಟು: "ನಾನೇನು ಕೇಳಿದ್ನಾ? ಇವಳೇ ಹೇಳಿದ್ದು."

ಅಮ್ಮ: "ಸುಮ್ಮನಿರು. ಹೇಗೋ ತಳ್ಳು. ವರ್ಷದ ಕೊನೇಲಿ ಈ ಮನೆಯಲ್ಲಿ ಯೂನಿಫಾರ್ಮ್ ತರೋದಿಲ್ಲ."

ಆಮೇಲೆ ಮೂವರೂ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಗೊತ್ತಾಯಿತು.

ಆ ಕಾನೂನು ನನ್ನ ಹೆಸರಿನದು. ಮೂರು ವರ್ಷದ ಹಿಂದೆ, ಇದೇ ತಿಂಗಳು, ಹೊಸ ಯೂನಿಫಾರ್ಮ್ ಇಲ್ಲದಿದ್ದರೆ ಶಾಲೆಗೆ ಕಾಲಿಡುವುದಿಲ್ಲ ಅಂತ ಹಟ ಹಿಡಿದೆ. ಎರಡು ದಿನ ಊಟ ಬಿಟ್ಟೆ. ಕೊಡಿಸಿದರು. ಹನ್ನೊಂದು ದಿನ ಹಾಕಿಕೊಂಡು ಹೋದೆ. ಹನ್ನೆರಡನೇ ದಿನ ಶಾಲೆಯನ್ನೇ ಬಿಟ್ಟೆ. ಯಾರಾದರೂ ಹೊಡೆದರಾ, ಬೈದರಾ, ಅಂತ ಅಮ್ಮ ಕೇಳಿದಳು. ಕೇಳಿದ್ದಕ್ಕೆ ನಿಜ ಹೇಳುವುದು ನನ್ನ ಅಭ್ಯಾಸ. "ಯಾರೂ ಇಲ್ಲ. ಕೂರೋಕಾಗಲ್ಲ ನನಗೆ, ಅಷ್ಟೇ" ಅಂದೆ. ಹೊಡೆದರು ಅಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬೈಯಲು ಯಾರಾದರೂ ಸಿಗುತ್ತಿದ್ದರು.

ಆ ಶರ್ಟುಗಳು ಈಗ ದಿಂಬಿನ ಚೀಲ. ಅಮ್ಮ ಏನನ್ನೂ ಎಸೆಯುವುದಿಲ್ಲ. ಅದರ ಮೇಲೇ ತಲೆಯಿಟ್ಟು ಮಲಗುತ್ತೇನೆ. ನಿದ್ದೆ ಚೆನ್ನಾಗಿಯೇ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿ 5, ಗುರುವಾರ

ಮೋಟುಗೆ ಹೊಟ್ಟೆನೋವು. ಶಾಲೆಗೆ ಹೋಗಲಿಲ್ಲ. ಅಮ್ಮ ಬಿಸಿನೀರಿನ ಚೀಲ ಕೊಟ್ಟು ಆಸ್ಪತ್ರೆಗೆ ಹೋದಳು — ಕೆಲಸಕ್ಕೆ. ಅಲ್ಲಿನ ರೆಕಾರ್ಡ್ ರೂಮಿನಲ್ಲಿ ರೋಗಿಗಳ ಫೈಲು ಹುಡುಕಿ ಕೊಡುವುದು ಅವಳ ಕೆಲಸ.

ಹೋದ ಗುರುವಾರವೂ ಹೊಟ್ಟೆನೋವಿತ್ತು. ಅದರ ಹಿಂದಿನ ಗುರುವಾರ ತಲೆನೋವು.

ಗುರುವಾರ ಪಿ.ಟಿ. ಪಿ.ಟಿ.ಗೆ ಸ್ವೆಟರ್ ತೆಗೆಯಬೇಕು. ಎರಡೂ ಕೈ ಮೇಲಕ್ಕೆತ್ತಬೇಕು.

ಬಿಡುವುದು ಹೀಗೇ ಶುರುವಾಗುತ್ತದೆ. ನನಗಿಂತ ಚೆನ್ನಾಗಿ ಇದನ್ನು ಬಲ್ಲವರು ಈ ಮನೆಯಲ್ಲಿ ಯಾರಿದ್ದಾರೆ? ಮೊದಲು ಒಂದು ಪೀರಿಯಡ್. ಆಮೇಲೆ ಒಂದು ದಿನ. ಒಂದು ದಿನ ಹೋಗದಿದ್ದರೆ ಏನೂ ಆಗುವುದಿಲ್ಲ ಅಂತ ಗೊತ್ತಾಗುತ್ತದೆ. ಅದು ಗೊತ್ತಾಗಬಾರದು.

ಒಂದು ವ್ಯತ್ಯಾಸ. ನನಗೆ ಶಾಲೆ ಬೇಡವಾಗಿತ್ತು. ಇವಳಿಗೆ ಬೇಕು. ಹೊಟ್ಟೆನೋವಿನಲ್ಲೂ ಗಣಿತ ಮಾಡುತ್ತಾ ಮಲಗಿದ್ದಳು.

ಫೆಬ್ರವರಿ 7, ಶನಿವಾರ, ಮಧ್ಯಾಹ್ನ

ಅರ್ಧ ದಿನ ರಜೆ. ಶರ್ಟಿನ ಪಕ್ಕದ ಹೊಲಿಗೆ ಬಿಚ್ಚಿದೆ, ಒಳಗೆ ಬಟ್ಟೆ ಉಳಿದಿದ್ದರೆ ಬಿಡೋಣ ಅಂತ. ಇಲ್ಲ. ಅಮ್ಮ ಹಿಂದೆಯೇ ಬಿಚ್ಚಿ ಬಿಟ್ಟಿದ್ದಾಳೆ. ಅಂಚಿನಲ್ಲಿ ನೂಲು ಮಾತ್ರ ಉಳಿದಿದೆ.

ಲಂಗದ ಅಂಚು ಇಳಿಸಿದೆ. ಎರಡು ಬೆರಳು ಉದ್ದವಾಯಿತು. ಆದರೆ ಮಡಿಕೆಯೊಳಗೆ ಬಿಸಿಲು ಕಾಣದೆ ಇದ್ದ ಬಟ್ಟೆ ಕಡು ನೀಲಿ, ಮೇಲಿನದು ತೊಳೆದು ತೊಳೆದು ಬೂದು. ನಡುವೆ ಹಳೆಯ ಹೊಲಿಗೆಯ ಗೆರೆ. ಅದರ ಮೇಲೆ ಇನ್ನೊಂದು, ಹೋದ ವರ್ಷದ್ದು.

ಮೋಟು ಹಾಕಿಕೊಂಡು ಕನ್ನಡಿ ಮುಂದೆ ತಿರುಗಿದಳು. "ಮರ ಕಡಿದರೆ ಒಳಗಿನ ಗೆರೆಯಿಂದ ಅದರ ವಯಸ್ಸು ಗೊತ್ತಾಗುತ್ತಂತೆ. ನನಗೆ ಕಡಿಯೋದೂ ಬೇಡ."

ನಕ್ಕೆವು. ಆಮೇಲೆ ಅವಳು ಸ್ವೆಟರ್ ಹಾಕಿಕೊಂಡಳು. ಮನೆಯೊಳಗೆ.

"ಅಮ್ಮನಿಗೆ ಪಿನ್ನಿನ ವಿಷಯ ಹೇಳಲಾ?"

"ಬೇಡ ಅಕ್ಕಾ. ಅಮ್ಮ ಕನ್ನಡಕ ಮಾಡಿಸ್ಕೋಬೇಕು ಈ ತಿಂಗಳು. ಏಳು ವಾರ ತಾನೆ. ಎಣಿಸಿದ್ದೀನಿ."

ಎಣಿಸಿದ್ದಾಳೆ.

ಫೆಬ್ರವರಿ 10, ಮಂಗಳವಾರ

ಬಿಸಿ ತುಪ್ಪ. ನುಂಗಲಾರೆ, ಉಗುಳಲಾರೆ.

ಮಧ್ಯಾಹ್ನ ಮಾಸ್ಟರ್ ಹೊಸ ಬಟ್ಟೆಯ ಥಾನು ಇಳಿಸಿದರು. ಮುಂದಿನ ವರ್ಷದ ಆರ್ಡರು. ಇಟ್ಟಿಗೆ ಬಣ್ಣ. ಲಂಗ ಇಲ್ಲ, ಪ್ಯಾಂಟು. ಶರ್ಟಿಗೆ ಗೀರು ಗೀರು. ಚೀಟಿಯ ಮೇಲೆ ಶಾಲೆಯ ಹೆಸರು ನೋಡಿದೆ. ನಮ್ಮ ಶಾಲೆ. ನಾನು ಬಿಟ್ಟದ್ದು, ಮೋಟು ಓದುತ್ತಿರುವುದು.

"ಮಾಸ್ಟರ್, ಇವರದು ನೀಲಿ ಅಲ್ವಾ?"

"ಮುಂದಿನ ವರ್ಷದಿಂದ ಇದು. ಎಲ್ಲ ಕ್ಲಾಸಿಗೂ." ಆಮೇಲೆ ದನಿ ತಗ್ಗಿಸಿದರು. "ಸ್ಕೂಲಿನೋರು ಹೇಳೋದು ಪರೀಕ್ಷೆ ಆದ ಮೇಲೆ. ಅಲ್ಲೀತನಕ ಹೊರಗೆ ಉಸಿರು ಬಿಡಬೇಡಿ. ಯೂನಿಫಾರ್ಮ್ ಅಂಗಡಿಯವನ ಹತ್ತಿರ ನೀಲಿ ಇನ್ನೂ ರಾಶಿ ಬಿದ್ದಿದೆ. ಅದು ಖಾಲಿಯಾಗಲಿ. ಬಾಯಿ ಬಿಟ್ಟರೆ ಬಣ್ಣಗೇಡು."

ಪಕ್ಕದಲ್ಲಿ ಕೂತ ಕಾಜಾ ಅಕ್ಕ ಕಿಸಕ್ ಅಂದಳು. ಗುಂಡಿ ತೂರಿಸುವ ಕಾಜಾ ಹೊಲಿಯುವುದು ಅವಳ ಕೆಲಸ, ಅದಕ್ಕೇ ಆ ಹೆಸರು. "ಇವಳಿಗೆ ಹೇಳಿದ್ರಾ ಮಾಸ್ಟರ್? ಇವಳ ಬಾಯಿಗೆ ಗುಂಡೀನೂ ಇಲ್ಲ, ಕಾಜಾನೂ ಇಲ್ಲ."

"ಕೇಳಿದರೆ ತಾನೆ ಹೇಳೋದು" ಅಂದೆ. "ನನ್ನನ್ನ ಯಾರು ಕೇಳ್ತಾರೆ?"

ಆಗ ಅದು ತಮಾಷೆ ಅನ್ನಿಸಿತ್ತು.

ಫೆಬ್ರವರಿ 12, ಗುರುವಾರ

ಬೆಳಿಗ್ಗೆ ಎಂಟೂವರೆ. ಹೊಟ್ಟೆನೋವು. ಅಮ್ಮ ಬಿಸಿನೀರಿನ ಚೀಲ ಹುಡುಕುತ್ತಿದ್ದಳು. ತಡೆಯಲಾಗಲಿಲ್ಲ. ಸ್ವೆಟರ್ ಕೆಳಗಿಂದ ಶರ್ಟು ತೆಗೆಸಿ ತಂದು ಅಮ್ಮನ ಕೈಗಿಟ್ಟೆ. "ಇವತ್ತು ಗುರುವಾರ. ಹೋದ ಸಲದ ಹೊಟ್ಟೆನೋವೂ ಗುರುವಾರವೇ. ಇದನ್ನ ಬೆಳಕಿಗೆ ಹಿಡಿ."

ಅಮ್ಮ ಕಿಟಕಿಗೆ ಹಿಡಿದಳು. ಕನ್ನಡಕ ಹಣೆಗೇರಿಸಿದಳು, ಇಳಿಸಿದಳು, ಕೈ ದೂರ ಮಾಡಿದಳು, ಹತ್ತಿರ ತಂದಳು. ಕಣ್ಣಿಗೆ ಕಾಣಲಿಲ್ಲ ಅನ್ನಿಸುತ್ತದೆ. ಕೊನೆಗೆ ಬೆರಳಿನಿಂದ ಸವರಿ ನೋಡಿದಳು. ಒಂದೊಂದೇ ತೂತು.

ಕೆಲಸಕ್ಕೆ ತಡವಾಗಿ ಹೋದಳು.

ಅದೇ ದಿನ, ಸಂಜೆ

ಅಮ್ಮ ಚಪ್ಪಲಿ ಬಿಡುತ್ತಲೇ ಹೇಳಿದಳು. "ಭಾನುವಾರ ಅಂಗಡಿಗೆ ಹೋಗೋಣ. ಎರಡು ಜೊತೆ ತಗೊಳ್ಳೋಣ."

ಅಪ್ಪ: "ಎರಡಾ? ಕನ್ನಡಕ?"

"ಅದು ಎಲ್ಲಿಗೆ ಓಡಿಹೋಗುತ್ತೆ? ನಾನು ಯೋಚನೆ ಮಾಡಿದೆ. ಎರಡು ಸೈಜು ದೊಡ್ಡದು ತಗೊಂಡರೆ ಮುಂದಿನ ವರ್ಷ ಪೂರ್ತಿ ಬರುತ್ತೆ. ಆಗ ತಗೊಳ್ಳೋದನ್ನ ಈಗ ತಗೊಂಡ ಹಾಗೆ ಆಯ್ತು. ದಂಡ ಅಲ್ಲವಲ್ಲ?"

ಮೋಟು ತಲೆಯೆತ್ತಲಿಲ್ಲ. ಪೆನ್ನು ಮಾತ್ರ ನಿಂತಿತ್ತು. ಕಿವಿಯ ತುದಿ ಕೆಂಪಾಗಿತ್ತು, ಸಂತೋಷಕ್ಕೆ.

ನನ್ನ ಬಾಯಿಯ ತನಕ ಬಂತು. ಮುಂದಿನ ವರ್ಷ ಇಟ್ಟಿಗೆ ಬಣ್ಣ, ಅಮ್ಮಾ.

ಹೇಳಿದರೆ ದಂಡ ಅಂತ ಆಗುತ್ತದೆ. ದಂಡ ಅಂತ ಆದರೆ ಬೇಡ ಅಂತ ಆಗುತ್ತದೆ. ಬೇಡ ಅಂತಾದರೆ ಏಳು ವಾರದ ಆರು ಗುರುವಾರ. ಆಮೇಲೆ ಬೇರೆ ವಾರಗಳೂ.

ಯಾರೂ ನನ್ನನ್ನು ಕೇಳಲಿಲ್ಲ. ನಾನು ತಟ್ಟೆ ತೊಳೆದೆ.

ಫೆಬ್ರವರಿ 13

ಇವತ್ತು ಇಟ್ಟಿಗೆ ಬಣ್ಣದ ನೂರಾರು ಕಾಲು. ಪ್ರತಿಯೊಂದಕ್ಕೂ ನಂಬರ್. ಕೈ ಕೆಂಪಾಗಿತ್ತು. ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಊಟಕ್ಕೆ ಕೂತಾಗ ಕೈ ಮುಚ್ಚಿಟ್ಟುಕೊಂಡೆ.

ಫೆಬ್ರವರಿ 15, ಭಾನುವಾರ

ಅಂಗಡಿ. ಗೋಡೆ ತುಂಬ ಮರದ ಗೂಡು, ಗೂಡಿಗೊಂದು ಶಾಲೆ. ನಮ್ಮ ಶಾಲೆಯ ಗೂಡು ತುಂಬಿ ತುಳುಕುತ್ತಿತ್ತು. ನೀಲಿ, ನೀಲಿ, ನೀಲಿ.

ಅಂಗಡಿಯವ ವಾರಕ್ಕೊಮ್ಮೆ ನಮ್ಮಲ್ಲಿಗೆ ಮಾಲು ಒಯ್ಯಲು ಬರುತ್ತಾನೆ. ನನ್ನ ಗುರುತು ಸಿಕ್ಕಿತು. ಅರ್ಧ ಕ್ಷಣ ಕೈ ನಿಂತಿತು. ಆಮೇಲೆ ಕೌಂಟರ್ ಮೇಲೆ ಶರ್ಟುಗಳನ್ನು ಇಸ್ಪೀಟು ಎಲೆಯ ಹಾಗೆ ಹರಡಿದ.

ಅಮ್ಮ: "ಇದಕ್ಕಿಂತ ದೊಡ್ಡದು ಕೊಡಿ. ಮುಂದಿನ ವರ್ಷಕ್ಕೂ ಆಗಬೇಕು."

"ಕೊಡ್ತೀನಮ್ಮಾ. ಬಟ್ಟೆ ಕಲ್ಲಿದ್ದ ಹಾಗೆ. ಹುಡುಗಿ ಬೆಳೆದಷ್ಟೂ ಇದು ಜಾಗ ಕೊಡುತ್ತೆ." ಹೇಳುವಾಗ ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದ.

ಅಮ್ಮ ನನ್ನ ಕಡೆ ತಿರುಗಿದಳು. "ನೀನು ಅಲ್ಲೇ ಕೆಲಸ ಮಾಡೋಳು. ನೀನು ಹೇಳು. ಬಟ್ಟೆ ಬಾಳಿಕೆ ಬರುತ್ತಾ?"

ಕೇಳಿದಳು. ಕೊನೆಗೂ ಒಬ್ಬರು ಕೇಳಿದರು.

"ಬರುತ್ತೆ" ಅಂದೆ.

ಬರುತ್ತದೆ. ಒಳ್ಳೆಯ ಬಟ್ಟೆ. ನಾಲ್ಕು ವರ್ಷವಾದರೂ ಏನೂ ಆಗುವುದಿಲ್ಲ. ಒಂದಕ್ಷರ ಸುಳ್ಳಿಲ್ಲ. ಹುಟ್ಟಿದಾಗಿನಿಂದ ನಾನು ಆಡಿದ ಅತಿ ದೊಡ್ಡ ಸುಳ್ಳು ಅದೇ ಇರಬೇಕು.

ಮೋಟು ಪರದೆಯ ಹಿಂದಿನಿಂದ ಬಂದಳು. ಭುಜದ ಹೊಲಿಗೆ ಮೊಣಕೈ ಕಡೆಗೆ ಜಾರಿದೆ. ಲಂಗ ಅರ್ಧ ಕಾಲಿಗೆ. ಸೊಂಟದಲ್ಲಿ ಎರಡು ಮುಷ್ಟಿ ಹಿಡಿಸುತ್ತದೆ. ಕನ್ನಡಿ ನೋಡಿದಳು, ಏನೋ ಹೇಳಲು ಹೋದಳು, ಅಮ್ಮನ ಮುಖ ನೋಡಿದಳು. "ಚೆನ್ನಾಗಿದೆ" ಅಂದಳು. "ಗಾಳಿಯಾಡುತ್ತೆ."

ಎರಡು ಜೊತೆ. ಒಂದು ಜೊತೆ ಕವರ್ ಒಡೆದು ಹಾಕಿಕೊಂಡೇ ಬಂದಳು. ಇನ್ನೊಂದು ಹಾಗೇ ಇದೆ. ಬಾಗಿಲಿನಲ್ಲಿ ಬೋರ್ಡು — ಕವರ್ ಒಡೆಯದಿದ್ದರೆ ಏಳು ದಿನದೊಳಗೆ ವಾಪಸ್.

ಬರುವ ದಾರಿಯಲ್ಲಿ ಕನ್ನಡಕದ ಅಂಗಡಿ ಸಿಕ್ಕಿತು. ಅಮ್ಮ ಆ ಕಡೆ ತಿರುಗಲಿಲ್ಲ. ರಸ್ತೆ ದಾಟುವಾಗ ಮೋಟುವಿನ ತೋಳು ಹಿಡಿದುಕೊಂಡಳು. ಮೋಟುವನ್ನು ದಾಟಿಸಲಿಕ್ಕೆ ಅಂದುಕೊಂಡಿದ್ದೆ.

ಫೆಬ್ರವರಿ 19, ಗುರುವಾರ

ಹೊಟ್ಟೆನೋವಿಲ್ಲ. ಹೋದಳು. ಸ್ವೆಟರ್ ಇಲ್ಲದೆ.

ಸಂಜೆ ಕೇಳಿದೆ, ಪಿ.ಟಿ. ಹೇಗಾಯಿತು.

"ಆಯ್ತು. ಕೈ ಎತ್ತಿದಾಗ ಟೆಂಟು ಕಟ್ಟಿದ ಹಾಗೆ ಆಗುತ್ತಂತೆ. 'ಒಳಗೆ ಜಾಗ ಇದೆಯಾ, ನಾವೂ ಬರ್ತೀವಿ' ಅಂತ ಕೇಳಿದ್ರು."

"ನೀನೇನಂದೆ?"

"ಮೊದಲು ಬುಕ್ ಮಾಡ್ಬೇಕು ಅಂದೆ." ನಕ್ಕಳು. ಆಮೇಲೆ ನಗಲಿಲ್ಲ. "ಪರವಾಗಿಲ್ಲ ಅಕ್ಕಾ. ಮುಂದಿನ ವರ್ಷ ಸರಿಯಾಗುತ್ತೆ."

 ಹೋದಳಲ್ಲ, ಅದೇ ಸಾಕು ಅಂದುಕೊಂಡೆ. ಇನ್ನೂ ಐದು ಗುರುವಾರ. ಸುಮ್ಮನಿದ್ದದ್ದು ಫಲಿಸಿತು ಅಂತ ಬರೆಯಲು ಕೂತವಳು... ಬರೆಯಲಾಗುತ್ತಿಲ್ಲ.

ಫೆಬ್ರವರಿ 20

ಅಮ್ಮ ಬೇಗ ಬಂದಳು. ಚಪ್ಪಲಿ ಬಿಟ್ಟು ಅಲ್ಲೇ ಹೊಸ್ತಿಲಲ್ಲಿ ಕೂತಳು.

ಫೈಲು ತಪ್ಪಿ ಕೊಟ್ಟಳಂತೆ. ಮೂರು ಎಂಟಾಗಿ ಕಂಡಿತಂತೆ. ಡಾಕ್ಟರು ಹೆಸರು ನೋಡಿ ಹಿಂದಕ್ಕೆ ಕಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹೆಡ್ ಕ್ಲರ್ಕು ಎಲ್ಲರ ಮುಂದೆ ಹೇಳಿದರಂತೆ, "ಕಣ್ಣು ಕಾಣಲ್ಲ ಅಂದರೆ ಹೇಳಿ. ಕೆಳಗೆ ಬಟ್ಟೆ ಮಡಿಸೋ ಕಡೆ ಹಾಕ್ತೀನಿ. ಅಲ್ಲಿ ಓದೋ ಕೆಲಸ ಇಲ್ಲ."

ಅಪ್ಪ: "ನಾಳೆಯೇ ಕನ್ನಡಕ ಮಾಡಿಸು."

"ಮುಂದಿನ ತಿಂಗಳು ಅಂದೆನಲ್ಲ. ಅಲ್ಲೀತನಕ ಎರಡೆರಡು ಸಲ ನೋಡ್ತೀನಿ. ಇವಳ ಯೂನಿಫಾರ್ಮ್ ಆಯ್ತಲ್ಲ, ಒಂದು ವರ್ಷ ಚಿಂತೆ ಇಲ್ಲ. ಅದೊಂದು ಸಮಾಧಾನ."

ಒಂದು ವರ್ಷ ಚಿಂತೆ ಇಲ್ಲ.

ಹೊರಗೆ ಹೋಗಿ ಬೀದಿಯ ಕೊನೆಯವರೆಗೆ ನಡೆದೆ. ತಿರುಗಿ ಬಂದೆ. ಮತ್ತೆ ನಡೆದೆ. ಪಕ್ಕದ ಮನೆಯ ಮುದುಕ ಕೇಳಿದ, "ಏನಮ್ಮಾ, ರಸ್ತೆ ಅಳೀತಿದ್ದೀಯಾ?"

ಫೆಬ್ರವರಿ 21, ಶನಿವಾರ, ಸಂಜೆ

ಹೇಳಿದೆ.

ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಎದುರು ಕೂತು ಒಂದು ಟವೆಲು ತೆಗೆದುಕೊಂಡು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಹೇಳಿದೆ. ಮುಂದಿನ ವರ್ಷ ಯೂನಿಫಾರ್ಮ್ ಬದಲಾಗುತ್ತದೆ. ನೀಲಿ ಇಲ್ಲ. ಈ ಎರಡು ಜೊತೆ ಪರೀಕ್ಷೆಯವರೆಗೆ ಮಾತ್ರ. ಒಂದು ಜೊತೆ ಕವರಿನಲ್ಲೇ ಇದೆ, ನಾಳೆಯವರೆಗೆ ವಾಪಸ್ ತಗೊಳ್ಳುತ್ತಾರೆ.

"ಯಾವತ್ತಿಂದ ಗೊತ್ತು ನಿನಗೆ?"

"ಹತ್ತನೇ ತಾರೀಖಿಂದ."

"ಅಂಗಡಿಗೆ ಹೋದದ್ದು ಹದಿನೈದಕ್ಕೆ."

"ಹೂಂ."

"ಅಲ್ಲಿ ನಿನ್ನ ಕೇಳಿದೆನಲ್ಲ ನಾನು."

"ಬಟ್ಟೆ ಬಾಳಿಕೆ ಬರುತ್ತಾ ಅಂತ ಕೇಳಿದ್ದು ನೀನು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ದಿಂಬಿನ ಚೀಲ ಕೊಡವಿ ತೊಡೆಯ ಮೇಲೆ ಹಾಸಿಕೊಂಡಳು. "ಸರಿ ಕಣಮ್ಮಾ. ನಿನ್ನ ವಕೀಲಿ ಓದಿಸಬೇಕಿತ್ತು. ನೀನೋ, ಹತ್ತನೇ ಕ್ಲಾಸೇ ದಾಟಲಿಲ್ಲ."

ಬೈದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಡಿಸುತ್ತಲೇ ಇದ್ದಳು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕೊಡಿಸ್ತಿರಲಿಲ್ಲ. ಅವಳು ಶಾಲೆ ಬಿಡ್ತಿದ್ದಳು."

ಆಗ ಕೈ ನಿಂತಿತು.

"ಯಾರು ಹೇಳಿದ್ದು ಕೊಡಿಸ್ತಿರಲಿಲ್ಲ ಅಂತ?"

"ನೀನೇ. ವರ್ಷದ ಕೊನೇಲಿ ಈ ಮನೆಯಲ್ಲಿ ಯೂನಿಫಾರ್ಮ್ ತರೋದಿಲ್ಲ ಅಂದೆ."

"ಅವತ್ತು ನಾನು ಆ ತೂತು ಮುಟ್ಟಿ ನೋಡಿರಲಿಲ್ಲ." ದಿಂಬಿನ ಚೀಲದ ಅಂಚನ್ನು ಬೆರಳಿನಿಂದ ಸವರಿದಳು. "ಮುಂದಿನ ವರ್ಷಕ್ಕೂ ಆಗುತ್ತೆ ಅಂದದ್ದು ನಿಮ್ಮಪ್ಪನಿಗೆ. ನನಗೂ ಅಂತಿಟ್ಟುಕೋ. ದಂಡ ಅಲ್ಲ ಅಂತ ಮನಸ್ಸಿಗೆ ಒಂದು ಮಾತು ಬೇಕಿತ್ತು. ನೀನು ನಿಜ ಹೇಳಿದ್ದರೆ ಒಂದು ಜೊತೆ ತಗೊಳ್ತಿದ್ದೆ. ಅವಳ ಅಳತೆಗೆ. ಏಳು ವಾರವೋ ಏಳು ದಿನವೋ — ಮಗು ಮೈ ಮುದುಡಿಕೊಂಡು ಕೂರ್ತಿತ್ತಲ್ಲ, ಅದಕ್ಕಿಂತ ದಂಡ ಯಾವುದು?"

ನಾನು ಟವೆಲಿನ ಅಂಚು ನೋಡುತ್ತಿದ್ದೆ.

"ಒಂದೇ ಜೊತೆ ಆಗಿದ್ದರೆ ಕನ್ನಡಕವೂ ಆಗ್ತಿತ್ತೋ ಏನೋ. ಈಗ ನೋಡು. ಅವಳಿಗೆ ಟೆಂಟು. ನನಗೆ ಮೂರಕ್ಕೆ ಎಂಟು. ಎಲ್ಲಾ ನಿನ್ನ ಉಪಕಾರ."

ಎದ್ದು ಹೋದಳು. ಮಡಿಸಿದ ಬಟ್ಟೆಯ ರಾಶಿ ಅಲ್ಲೇ ಇತ್ತು. ಗೂಡಿಗೆ ಇಟ್ಟು ಬಂದೆ, ಯಾರ ಬಟ್ಟೆ ಯಾವ ಗೂಡು ಅಂತ ತಿಳಿಯದೆ ಎರಡು ಸಲ ಬದಲಾಯಿಸಿದೆ.

ಅಮ್ಮ ಬೇಡ ಅನ್ನುತ್ತಾಳೆ ಅಂತ ನಾನೇ ತೀರ್ಮಾನ ಮಾಡಿದ್ದೆ. ಅವಳ ಅಳತೆ ತೆಗೆಯದೆ ನಂಬರ್ ಹಾಕಿಬಿಟ್ಟಿದ್ದೆ. ಸುಳ್ಳು ಹೇಳಿದ್ದಕ್ಕಿಂತ ಅದೇ ಹೆಚ್ಚು ಕುಟುಕುತ್ತದೆ. ಹೇಳಲು ಕಾಯಬೇಕಾಗಿರಲಿಲ್ಲ. ಹನ್ನೆರಡನೇ ತಾರೀಖು ತಟ್ಟೆ ತೊಳೆಯುತ್ತಾ ನಿಂತಿದ್ದಾಗ ಒಂದು ಮಾತು ಸಾಕಿತ್ತು.

ಫೆಬ್ರವರಿ 22, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಅಮ್ಮನೂ ನಾನೂ ಅಂಗಡಿಗೆ. ಅಮ್ಮ ದಾರಿಯುದ್ದಕ್ಕೂ ಎರಡು ಹೆಜ್ಜೆ ಮುಂದೆಯೇ ನಡೆದಳು. ರಸ್ತೆ ದಾಟುವಾಗ ಮಾತ್ರ ನನ್ನ ತೋಳು ಹಿಡಿದಳು. ಯಾರು ಯಾರನ್ನು ದಾಟಿಸುತ್ತಿದ್ದಾರೆ ಅಂತ ಈ ಸಲ ಗೊತ್ತಿತ್ತು.

ಕೌಂಟರಿನಲ್ಲಿ ಇನ್ನೊಬ್ಬ ತಾಯಿ. ಜೊತೆಗೆ ಮಗ, ಐದನೆಯದೋ ಆರನೆಯದೋ. ಅವನ ಬೆನ್ನಿಗೆ ನೀಲಿ ಶರ್ಟು ಹಿಡಿದು ನೋಡುತ್ತಿದ್ದಳು. ಮೊಣಕಾಲಿಗೆ ಬರುತ್ತಿತ್ತು. "ಇನ್ನೂ ಒಂದು ಸೈಜು ದೊಡ್ಡದು ಇದೆಯಾ? ಎರಡು ವರ್ಷ ಎಳೀಬೇಕು."

ಅಂಗಡಿಯವ ಇನ್ನೂ ದೊಡ್ಡದನ್ನು ಎಳೆದ.

ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಅದುಮಿದಳು. ಆಕೆಗೆ ತಾನೇ ಹೇಳಿದಳು, ನೆರೆಮನೆಯವಳಿಗೆ ಹೇಳುವ ಹಾಗೆ: "ಮಗುವಿನ ಅಳತೆಗೇ ತಗೊಳ್ಳಿ ತಾಯಿ. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡಿದರಾಯ್ತು. ಯಾರಿಗೆ ಗೊತ್ತು, ಏನೇನು ಬದಲಾಗುತ್ತೋ."

ಆಕೆ ಅಮ್ಮನನ್ನು ನೋಡಿದಳು. ಅಂಗಡಿಯವ ನನ್ನನ್ನು ನೋಡಿದ. ಆಕೆ ಶರ್ಟು ಕೆಳಗಿಟ್ಟಳು. "ಪರೀಕ್ಷೆ ಆಗಲಿ ಬಿಡಿ ಹಾಗಾದರೆ" ಅಂದು ಮಗನನ್ನು ಎಳೆದುಕೊಂಡು ಹೊರಟೇ ಹೋದಳು.

ಕವರ್ ವಾಪಸ್ ತಗೊಂಡ. ಬೋರ್ಡಿನಲ್ಲಿ ಬರೆದಿದೆ, ಏನು ಮಾಡುತ್ತಾನೆ. ಅಮ್ಮ ಬಾಗಿಲ ಹತ್ತಿರ ಹೋದ ಮೇಲೆ ನನ್ನ ಕಡೆ ಬಾಗಿದ. "ಮನೆಯವರಿಗೆ ಹೇಳಿದ್ದು ನೀನು ತಾನೆ?"

"ಹೌದು."

"ಮಾಸ್ಟರಿಗೆ ಫೋನ್ ಮಾಡ್ತೀನಿ ನಾನು."

"ಮಾಡಿ."

ಬಾಗಿಲ ಕಡೆ ತಿರುಗಿದೆ. ಈ ಕೆಲಸ ನನಗೆ ಇಷ್ಟವಾಗಿದೆ ಅಂತ ಆಗ ಗೊತ್ತಾಯಿತು. ನಾಲ್ಕು ಕೆಲಸದಲ್ಲಿ ಇದೊಂದರಲ್ಲಿ ಕೂರಲು ಆಗಿದೆ.

ಅಲ್ಲಿಂದ ಕನ್ನಡಕದ ಅಂಗಡಿಗೆ. ಅಮ್ಮ ಕುರ್ಚಿಯಲ್ಲಿ ಕೂತು ಗೋಡೆಯ ಅಕ್ಷರ ಓದಿದಳು. ಮೂರನೇ ಸಾಲಿಗೇ ತಡವರಿಸಿದಳು. ಕನ್ನಡಕ ಬುಧವಾರ ಸಿಗುತ್ತದಂತೆ.

ಮಧ್ಯಾಹ್ನ ಮೋಟುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಆ ಟೆಂಟನ್ನು ಅವಳ ಮೈಗೆ ಇಳಿಸಿದೆ. ಭುಜ ಬಿಚ್ಚಿ ಒಳಗೆ ತಂದೆ. ಪಕ್ಕಕ್ಕೆ ಎರಡು ಹೊಲಿಗೆ. ಬಟ್ಟೆ ಕತ್ತರಿಸಲಿಲ್ಲ. ಬಣ್ಣದ ವಿಷಯ ಅವಳಿಗೂ ಹೇಳಿದೆ.

"ಇಟ್ಟಿಗೆ ಬಣ್ಣಾನಾ? ಥೂ. ಗೋಡೆಗೆ ಒರಗಿ ನಿಂತರೆ ನಾನು ಕಾಣೋದೇ ಇಲ್ಲ." ಆಮೇಲೆ, "ಅಲುಗಾಡಬೇಡ ಅಂದ್ರೆ ನೀನೇ ಅಲುಗಾಡ್ತಿದ್ದೀಯಲ್ಲೇ ಅಕ್ಕಾ. ಪಿನ್ನು ಮೂರು ಸಲ ಬೀಳಿಸಿದೆ, ಏನಾಗಿದೆ ನಿನಗೆ?"

"ಹಸಿವು" ಅಂದೆ. ಅದು ಸುಳ್ಳು. ಕೂಡಲೇ ಸರಿ ಮಾಡಿದೆ. "ಹಸಿವಲ್ಲ. ಹೆದರಿಕೆ. ನಾಳೆ ಕೆಲಸ ಹೋಗಬಹುದು."

ಅವಳು ಸ್ಟೂಲಿನ ಮೇಲಿಂದ ನನ್ನ ತಲೆಯ ಮೇಲೆ ಕೈಯಿಟ್ಟಳು. ಎತ್ತರದಿಂದ, ದೊಡ್ಡವರ ಹಾಗೆ. ಇಬ್ಬರಿಗೂ ಮುಜುಗರವಾಗಿ ಕೂಡಲೇ ತೆಗೆದಳು.

ಅಮ್ಮ ಹೊಲಿಗೆ ನೋಡಿದಳು. ಬೆರಳಿನಿಂದ. "ಚೆನ್ನಾಗಿ ಕೂತಿದೆ" ಅಂದಳು. ಮೋಟುವಿಗೆ ಹೇಳಿದ್ದು, ನನಗಲ್ಲ.

ಫೆಬ್ರವರಿ 23, ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ

ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಲೆ ಮೆಷಿನ್ನುಗಳು ಒಂದೊಂದಾಗಿ ಶುರುವಾಗುತ್ತಿವೆ.

ಕಾಜಾ ಅಕ್ಕ ಇಳಿದು ಬಂದು ಪಕ್ಕದಲ್ಲಿ ಕೂತಳು. ಅಂಗಡಿಯವ ನಿನ್ನೆಯೇ ಫೋನ್ ಮಾಡಿದ್ದಾನಂತೆ. "ಮಾಸ್ಟರಿಗೆ ನಿನ್ನ ಮೇಲೆ ಅನುಮಾನ ಅಷ್ಟೇ, ಖಾತ್ರಿ ಇಲ್ಲ. ಆ ಅಂಗಡಿಯವನ ಮಾತು ಯಾರು ನಂಬ್ತಾರೆ? ನಿಮ್ಮಮ್ಮ ತಾನಾಗೇ ವಾಪಸ್ ಮಾಡಿದ್ರು ಅನ್ನು. ದೊಡ್ಡದಾಯ್ತು ಅದಕ್ಕೆ ಅನ್ನು. ಅದೂ ನಿಜಾನೇ ಅಲ್ವಾ?"

ನಿಜವೇ. ಒಂದಕ್ಷರ ಸುಳ್ಳಿಲ್ಲ.

"ಅವರು ಕೇಳದೇನೂ ಇರಬಹುದು" ಅಂದಳು. "ಸೀಸನ್ನು ಶುರುವಾಗಿದೆ, ಕೈ ಸಾಲದು. ಕೇಳದಿದ್ದರೆ ನೀನೂ ಸುಮ್ಮನೆ ನಿನ್ನ ಸೀಮೆಸುಣ್ಣ ತಗೊಂಡು ಕೂತ್ಕೋ. ಗೊತ್ತಾಯ್ತಾ?"

ತಲೆಯಾಡಿಸಲಿಲ್ಲ. ಅವಳು ಹಣೆ ಚಚ್ಚಿಕೊಂಡು ಮೇಲೆ ಹೋದಳು.

ಮಾಸ್ಟರ್ ಕೊರಳಿಗೆ ಟೇಪು ಹಾಕಿಕೊಂಡು ಮೇಲಿನ ಬಾಗಿಲಿಗೆ ಬಂದಿದ್ದಾರೆ. ಕೆಮ್ಮಿದರು. ಕರೆಯುತ್ತಿದ್ದಾರೆ.

ಕೇಳಿದರೆ ಹೌದು ಅನ್ನುತ್ತೇನೆ. ಕೇಳದಿದ್ದರೂ —